ಬಿಸಿಲಿನ ಬಟ್ಟಲಲ್ಲಿ ನೊರೆಯ ನೀರು

ಔಷಧದ ಅಂಗಡಿಯ ಕಪಾಟಿನಲ್ಲಿ ಕುಳಿತಿರುವ ಆ ಕಂದು ಬಣ್ಣದ ಸೀಸೆಯನ್ನು ನೋಡದವರು ವಿರಳ. ಆಟವಾಡುತ್ತ ಬಿದ್ದು ಮೊಣಕಾಲು ತರಚಿಕೊಂಡು ಬಂದ ಹುಡುಗನ ಗಾಯದ ಮೇಲೆ ಅದರ ನಾಲ್ಕು ಹನಿ ಬಿದ್ದೊಡನೆ ಬುಸುಬುಸನೆ ಬಿಳಿಯ ನೊರೆ ಏಳುತ್ತದೆ. ಹುಡುಗ ಅಳುವುದನ್ನು ಮರೆತು ನೊರೆಯನ್ನೇ ನೋಡುತ್ತಾನೆ. “ನಂಜೆಲ್ಲ ಹೊರಕ್ಕೆ ಬರುತ್ತಿದೆ, ನೋಡು” ಎಂದು ತಾಯಿ ಸಮಾಧಾನ ಹೇಳುತ್ತಾಳೆ.

ಹೊರಬರುತ್ತಿರುವುದು ನಂಜಲ್ಲ, ಆಮ್ಲಜನಕ. ನಾವು ಉಸಿರಾಡುವ ಗಾಳಿಯಲ್ಲಿರುವ ಅದೇ ಆಮ್ಲಜನಕ. ಸೀಸೆಯಲ್ಲಿರುವ ದ್ರವದ ಹೆಸರು ಹೈಡ್ರೋಜನ್ ಪೆರಾಕ್ಸೈಡ್. ಗಾಯಕ್ಕೆ ಅದನ್ನು ಪದೇ ಪದೇ ಸುರಿದರೆ ಹೊಸದಾಗಿ ಚಿಗುರುತ್ತಿರುವ ಚರ್ಮಕ್ಕೂ ಪೆಟ್ಟಾಗುತ್ತದೆಂದು ಇಂದಿನ ವೈದ್ಯರು ಎಚ್ಚರಿಕೆ ಹೇಳುತ್ತಾರೆ. ಆದರೆ ಗಾಯದ ಮೇಲಿನ ನೊರೆ ಈ ದ್ರವದ ಕತೆಯಲ್ಲಿ ಒಂದು ಸಣ್ಣ ಅಧ್ಯಾಯ ಮಾತ್ರ. ಜಗತ್ತಿನ ಕಾರ್ಖಾನೆಗಳು ವರ್ಷವೊಂದಕ್ಕೆ ನಲವತ್ತು ಲಕ್ಷ ಟನ್ನಿಗೂ ಮಿಕ್ಕಿ ಇದನ್ನು ತಯಾರಿಸುತ್ತವೆ. ಕಾಗದದ ತಿರುಳನ್ನು ಬಿಳಿಯಾಗಿಸುವುದಕ್ಕೆ, ಹತ್ತಿಯ ಬಟ್ಟೆಯ ಮಾಸಲು ಬಣ್ಣವನ್ನು ತೆಗೆಯುವುದಕ್ಕೆ, ಕೊಳಚೆಯ ನೀರನ್ನು ಶುದ್ಧಿಗೊಳಿಸುವುದಕ್ಕೆ, ಗಣಕಯಂತ್ರಗಳ ಸಿಲಿಕಾನ್ ಬಿಲ್ಲೆಗಳನ್ನು ತೊಳೆಯುವುದಕ್ಕೆ ಇದೇ ಬೇಕು.

ಇದಕ್ಕೆ ಇಷ್ಟೊಂದು ಬೇಡಿಕೆ ಏಕೆ? ನೀರಿನ ಅಣುವಿನಲ್ಲಿ ಎರಡು ಜಲಜನಕ, ಒಂದು ಆಮ್ಲಜನಕದ ಪರಮಾಣುಗಳಿವೆ. ಪೆರಾಕ್ಸೈಡಿನಲ್ಲಿ ಎರಡು ಜಲಜನಕ, ಎರಡು ಆಮ್ಲಜನಕ. ಹೆಚ್ಚಿಗೆ ಬಂದು ಸೇರಿದ ಈ ಒಂದು ಆಮ್ಲಜನಕವು ಬಾಡಿಗೆಯ ಮನೆಯಲ್ಲಿ ಗಂಟು ಮೂಟೆ ಕಟ್ಟಿಕೊಂಡೇ ಕುಳಿತ ಒಕ್ಕಲಿನಂತೆ. ಯಾವ ಗಳಿಗೆಯಲ್ಲಿ ಹೊರಟೀತೋ ಹೇಳಲಾಗದು. ಹೊರಟಾಗ ರೋಗಾಣುವನ್ನು ಕೊಲ್ಲುತ್ತದೆ, ಕಲೆಯನ್ನು ಅಳಿಸುತ್ತದೆ. ಅದು ಹೊರಟ ಮೇಲೆ ಉಳಿಯುವುದು ಬರಿಯ ನೀರು. ಕೆಲಸ ಮುಗಿಸಿ ಮೈಲಿಗೆಯನ್ನು ಹಿಂದೆ ಬಿಡದ ರಾಸಾಯನಿಕಗಳು ಲೋಕದಲ್ಲಿ ಎಷ್ಟಿವೆ? ಪೆರಾಕ್ಸೈಡಿನ ಹಿರಿಮೆ ಇರುವುದು ಇಲ್ಲಿ.

ಆದರೆ ಇಂತಹ ನಿರ್ಮಲ ವಸ್ತುವಿನ ಹುಟ್ಟು ಮಾತ್ರ ನಿರ್ಮಲವಾದುದಲ್ಲ. ಅದನ್ನು ಬಿಸಿಲು, ನೀರು, ಗಾಳಿ ಈ ಮೂರರಿಂದಲೇ ಹುಟ್ಟಿಸಲು ಸಾಧ್ಯವೆ ಎಂಬುದು ಇಂದಿನ ರಸಾಯನ ವಿಜ್ಞಾನಿಗಳ ಮುಂದಿರುವ ಪ್ರಶ್ನೆ. ಅದಕ್ಕೆ ಅವರು ಹಿಡಿದಿರುವ ಸಾಧನವೂ ವಿಚಿತ್ರವಾದುದು: ಒಂದು ಚೂರೂ ಲೋಹವಿಲ್ಲದ, ಕಣ್ಣಿಗೆ ಕಾಣದ ರಂಧ್ರಗಳಿಂದ ತುಂಬಿದ ಒಂದು ಪುಡಿ.

ತೆನಾರ್ ಕಂಡ ಸೋಜಿಗ

ಈ ಕತೆ ಆರಂಭವಾಗುವುದು ೧೮೧೮ರ ಪ್ಯಾರಿಸ್ಸಿನಲ್ಲಿ. ರೈತನ ಮನೆಯಲ್ಲಿ ಹುಟ್ಟಿ ಫ್ರಾನ್ಸಿನ ಹಿರಿಯ ರಸಾಯನ ಶಾಸ್ತ್ರಜ್ಞರ ಸಾಲಿಗೆ ಏರಿದ ಲೂಯಿ ಜಾಕ್ ತೆನಾರ್ ಎಂಬಾತನು ಬೇರಿಯಂ ಪೆರಾಕ್ಸೈಡನ್ನು ಆಮ್ಲದಲ್ಲಿ ಕರಗಿಸಿ ಹೊಸದೊಂದು ದ್ರವವನ್ನು ಪಡೆದನು. ಅದಕ್ಕೆ ಅವನು ಇಟ್ಟ ಹೆಸರಿನ ಅರ್ಥ ‘ಆಮ್ಲಜನಕ ತುಂಬಿದ ನೀರು’. ಫ್ರಾನ್ಸಿನ ಜನ ಇಂದಿಗೂ ಅದೇ ಹೆಸರಿನಿಂದ ಅದನ್ನು ಕರೆಯುತ್ತಾರೆ.

ತೆನಾರನಿಗೆ ಇನ್ನೂ ಒಂದು ಸೋಜಿಗ ಕಾಣಿಸಿತು. ಬೆಳ್ಳಿ, ಪ್ಲಾಟಿನಂ ಮೊದಲಾದ ಲೋಹಗಳ ಪುಡಿಯನ್ನೋ, ಮ್ಯಾಂಗನೀಸಿನ ಆಕ್ಸೈಡನ್ನೋ ಈ ದ್ರವಕ್ಕೆ ಹಾಕಿದರೆ ಅದು ಕುದಿದೆದ್ದಂತೆ ಒಡೆದುಹೋಗುತ್ತಿತ್ತು. ಪ್ಲಾಟಿನಂ ಮಾತ್ರ ಇದ್ದುದು ಇದ್ದ ಹಾಗೆಯೇ ಉಳಿಯುತ್ತಿತ್ತು. ತಾನು ಮಾರ್ಪಡದೆ ಇನ್ನೊಂದನ್ನು ಮಾರ್ಪಡಿಸುವ ಈ ಶಕ್ತಿ ಯಾವುದು? ಮುಂದೆ ೧೮೩೫ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಇಂತಹ ಉದಾಹರಣೆಗಳನ್ನೆಲ್ಲ ಒಂದೆಡೆ ಕಲೆಹಾಕಿ ಆ ಶಕ್ತಿಗೆ ‘ಕೆಟಾಲಿಸಿಸ್’ ಎಂದು ನಾಮಕರಣ ಮಾಡಿದನು. ಕ್ರಿಯೆಗಳನ್ನು ತ್ವರೆಗೊಳಿಸುವ ಇಂತಹ ವಸ್ತುವನ್ನು ಕನ್ನಡದಲ್ಲಿ ವೇಗವರ್ಧಕ ಎನ್ನುತ್ತೇವೆ.

ಹುಡುಗನ ಗಾಯದ ನೊರೆಗೂ ಇದೇ ಕಾರಣ. ನಮ್ಮ ರಕ್ತದಲ್ಲಿಯೂ ಜೀವಕೋಶಗಳಲ್ಲಿಯೂ ಕೆಟಲೇಸ್ ಎಂಬ ಕಿಣ್ವವಿದೆ. ಅದರ ಒಡಲಲ್ಲಿ ಅಡಗಿರುವುದು ಕಬ್ಬಿಣ. ಅಂತಹ ಒಂದು ಅಣು ಒಂದು ಸೆಕೆಂಡಿನಲ್ಲಿ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆದು ಹಾಕುತ್ತದೆ.

ಲೋಹವು ಈ ದ್ರವದ ಶತ್ರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕತೆಯೆಲ್ಲ ಇದರ ಮೇಲೆ ನಿಂತಿದೆ.

ಮಂಜಿಷ್ಠದ ಬಂಧು

ಜಲಜನಕವನ್ನೂ ಆಮ್ಲಜನಕವನ್ನೂ ನೇರವಾಗಿ ಬೆರೆಸಿದರೆ ಪೆರಾಕ್ಸೈಡ್ ಹುಟ್ಟಬಾರದೆ? ಹುಟ್ಟಬಹುದು, ಆದರೆ ಆ ಎರಡು ಅನಿಲಗಳ ಮಿಶ್ರಣ ಒಂದು ಕಿಡಿ ತಾಗಿದರೂ ಸಿಡಿಯುವಂತಹುದು. ಆದುದರಿಂದ ಇವೆರಡನ್ನೂ ಎದುರುಬದುರಾಗಿ ತರದೆ ನಡುವೆ ಒಬ್ಬ ದೂತನನ್ನು ಇಡುವ ಉಪಾಯವನ್ನು ೧೯೩೦ರ ದಶಕದಲ್ಲಿ ಜರ್ಮನಿಯ ರೀಡ್ಲ್ ಮತ್ತು ಫ್ಲೈಡರರ್ ಎಂಬ ಇಬ್ಬರು ರೂಪಿಸಿದರು. ದೂತನ ಹೆಸರು ಆಂಥ್ರಕ್ವಿನೋನ್. ಈ ಹೆಸರು ಪರಕೀಯವಾಗಿ ಕೇಳಿಸಿದರೂ ವಸ್ತುವಿನ ಬಳಗ ನಮಗೆ ತೀರ ಅಪರಿಚಿತವಲ್ಲ. ಆಯುರ್ವೇದದ ಮಂಜಿಷ್ಠದ ಬೇರಿನಲ್ಲಿರುವ ಕೆಂಪು ಬಣ್ಣಗಳು ಇದೇ ಕುಲಕ್ಕೆ ಸೇರಿದುವು. ಅವುಗಳಲ್ಲಿ ಒಂದಕ್ಕೆ ಪಶ್ಚಿಮದ ವಿಜ್ಞಾನಿಗಳು ‘ಮಂಜಿಸ್ಟಿನ್’ ಎಂದೇ ಹೆಸರಿಟ್ಟಿದ್ದಾರೆ.

ಈ ದೂತನು ದೋಣಿಗಾರನಂತೆ ಕೆಲಸ ಮಾಡುತ್ತಾನೆ. ಒಂದು ದಡದಲ್ಲಿ ಪಲಾಡಿಯಂ ಲೋಹದ ಸಹಾಯದಿಂದ ಜಲಜನಕವನ್ನು ಹೇರಿಕೊಳ್ಳುತ್ತಾನೆ. ಇನ್ನೊಂದು ದಡದಲ್ಲಿ ಗಾಳಿಯ ಆಮ್ಲಜನಕಕ್ಕೆ ಅದನ್ನು ಒಪ್ಪಿಸಿ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಹುಟ್ಟಿದ ಪೆರಾಕ್ಸೈಡನ್ನು ನೀರಿನಿಂದ ಸೆಳೆದು ತೆಗೆಯುತ್ತಾರೆ. ಇಂದು ಜಗತ್ತಿನ ಪೆರಾಕ್ಸೈಡಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹುಟ್ಟುವುದು ಈ ಕ್ರಮದಿಂದಲೇ.

ಉಪಾಯ ಜಾಣತನದ್ದು, ಆದರೆ ಅದರ ವೆಚ್ಚ ಸಣ್ಣದಲ್ಲ. ಬೇಕಾದ ಜಲಜನಕವನ್ನು ಬಹುಮಟ್ಟಿಗೆ ನೆಲದಡಿಯ ನೈಸರ್ಗಿಕ ಅನಿಲದಿಂದ ಪಡೆಯಬೇಕು. ಅದರೊಡನೆ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಸೇರುತ್ತದೆ. ದೋಣಿಗಾರನನ್ನು ಕರಗಿಸಿಡಲು ಸಾವಯವ ದ್ರಾವಕಗಳು ಬೇಕು. ಇಂತಹ ಕಾರ್ಖಾನೆ ಬಹು ದೊಡ್ಡದಾದರೆ ಮಾತ್ರ ಗಿಟ್ಟುತ್ತದೆ. ಆದುದರಿಂದ ಪೆರಾಕ್ಸೈಡು ಹುಟ್ಟುವುದು ಎಲ್ಲಿಯೋ, ಬೇಕಾಗುವುದು ಇನ್ನೆಲ್ಲಿಯೋ. ತೆಳುವಾದ ದ್ರವವನ್ನು ಸಾಗಿಸಿದರೆ ನೀರಿಗೇ ಬಾಡಿಗೆ ತೆತ್ತಂತಾಗುವುದು. ಎಂದೇ ಅದನ್ನು ಕಾಯಿಸಿ ಬಟ್ಟಿಯಿಳಿಸಿ, ನೂರಕ್ಕೆ ಐವತ್ತು, ಎಪ್ಪತ್ತು ಭಾಗದಷ್ಟು ಗಟ್ಟಿಮಾಡಿ ಕಳುಹಿಸುತ್ತಾರೆ. ತಲಪಿದ ಮೇಲೆ ಅದಕ್ಕೇ ಮತ್ತೆ ನೀರು ಬೆರೆಸಿ ತೆಳುಮಾಡಿ ಬಳಸುತ್ತಾರೆ!

ಗಟ್ಟಿಗೊಂಡ ಪೆರಾಕ್ಸೈಡಿನ ಕೋಪ ಎಂತಹುದು ಎಂಬುದನ್ನು ಕಡಲು ಬಲ್ಲದು. ೧೯೫೫ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಪೋರ್ಟ್‌ಲೆಂಡ್ ಬಂದರಿನಲ್ಲಿ ನಿಂತಿದ್ದ ‘ಸೈಡನ್’ ಎಂಬ ಜಲಾಂತರ್ನೌಕೆಯೊಳಗೆ, ಪೆರಾಕ್ಸೈಡಿನಿಂದ ಓಡುವ ಟಾರ್ಪೆಡೊ ಒಂದು ಸಿಡಿಯಿತು. ಗಾಯಾಳುಗಳ ರಕ್ಷಣೆಗೆಂದು ಒಳಗಿಳಿದ ವೈದ್ಯಾಧಿಕಾರಿಯೊಬ್ಬನೂ ಸೇರಿ ೧೩ ಜನ ಮಡಿದರು. ೨೦೦೦ದ ಆಗಸ್ಟ್ ೧೨ರಂದು ಬೇರೆಂಟ್ಸ್ ಸಮುದ್ರದಲ್ಲಿ ರಷ್ಯದ ‘ಕುರ್ಸ್ಕ್’ ಜಲಾಂತರ್ನೌಕೆಗೂ ಅಂತಹ ಗತಿಯೇ ಬಂದಿತು. ಟಾರ್ಪೆಡೊದಿಂದ ಸೋರಿದ ಪೆರಾಕ್ಸೈಡು ಲೋಹವನ್ನು ಸೋಕಿ ಸಿಡಿದು, ಎರಡು ನಿಮಿಷಗಳ ಬಳಿಕ ಉಳಿದ ಮದ್ದುಗುಂಡುಗಳೂ ಸಿಡಿದುವು. ಅದರಲ್ಲಿದ್ದ ೧೧೮ ಮಂದಿಯಲ್ಲಿ ಒಬ್ಬನೂ ಬದುಕಿ ಬರಲಿಲ್ಲ. ಕಾರ್ಖಾನೆಗಳು ಕಳುಹಿಸುವ ಸರಕು ಅಷ್ಟು ತೀಕ್ಷ್ಣವಾದುದಲ್ಲ, ನಿಜ. ಆದರೂ ಅದು ಅದೇ ಜಾತಿಯದು. ಹಾವು ಮರಿಯಾದರೂ ಎಚ್ಚರಿಕೆಯಿಂದಲೇ ಸಾಗಿಸಬೇಕು.

ಬೇಕಾದೆಡೆಯಲ್ಲಿಯೇ, ಬೇಕಾದಷ್ಟನ್ನೇ, ತೆಳುವಾಗಿಯೇ ತಯಾರಿಸುವುದಾದರೆ? ಆಗ ಬಟ್ಟಿಯ ಬೆಂಕಿಯೂ ಬೇಡ, ಲಾರಿಯ ಪ್ರಯಾಣವೂ ಬೇಡ.

ಬೊಲೋನ್ಯದ ಮಾಳಿಗೆ

ಸೂರ್ಯನನ್ನೇ ಕೂಲಿಗೆ ಹಚ್ಚುವ ಕನಸು ಹೊಸದಲ್ಲ. ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದಲ್ಲಿ ಜಾಕೊಮೊ ಚಾಮಿಚಾನ್ ಎಂಬ ಪ್ರಾಧ್ಯಾಪಕನಿದ್ದನು. ತನ್ನ ಪ್ರಯೋಗಶಾಲೆಯ ಮಾಳಿಗೆಯ ಮೇಲೆ ನೂರಾರು ಗಾಜಿನ ಬುರುಡೆಗಳನ್ನು ಸಾಲಾಗಿ ಬಿಸಿಲಿಗಿಟ್ಟು, ಬೆಳಕು ವಸ್ತುಗಳನ್ನು ಹೇಗೆ ಮಾರ್ಪಡಿಸುತ್ತದೆ ಎಂಬುದನ್ನು ಅವನು ವರ್ಷಗಟ್ಟಲೆ ನೋಡಿದನು. ೧೯೧೨ರಲ್ಲಿ ನ್ಯೂಯಾರ್ಕಿನಲ್ಲಿ ನೆರೆದ ರಸಾಯನ ಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನದ ಮುಂದೆ ಅವನು ತನ್ನ ಕನಸನ್ನು ತೆರೆದಿಟ್ಟನು: ಕಲ್ಲಿದ್ದಲು ಒಂದು ದಿನ ತೀರುತ್ತದೆ, ಬೆಳೆಯಿಲ್ಲದ ಬರಡು ನೆಲದಲ್ಲಿ ಹೊಗೆಯಿಲ್ಲದ ಕಾರ್ಖಾನೆಗಳು ಏಳಬೇಕು, ಗಿಡಮರಗಳು ಗುಟ್ಟಾಗಿಟ್ಟುಕೊಂಡ ವಿದ್ಯೆಯನ್ನು ಮನುಷ್ಯನು ಗಾಜಿನ ಪಾತ್ರೆಗಳಲ್ಲಿ ನಡೆಸಬೇಕು. ಸಭೆ ಕೇಳಿತು. ಆದರೆ ಪೆಟ್ರೋಲಿಯಂ ಅಗ್ಗವಾಗಿ ದೊರೆಯುತ್ತಿದ್ದ ಆ ದಶಕಗಳಲ್ಲಿ ಕನಸಿನ ಹಿಂದೆ ಹೋದವರು ಕಡಮೆ.

ಅರುವತ್ತು ವರ್ಷಗಳ ಮೇಲೆ, ೧೯೭೨ರಲ್ಲಿ, ಜಪಾನಿನ ಫುಜಿಷಿಮ ಮತ್ತು ಹೊಂಡ ಎಂಬ ವಿಜ್ಞಾನಿಗಳು ಟೈಟೇನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದುದು ಜಗತ್ತಿನ ಕಣ್ಣು ತೆರೆಸಿತು. ಬಿಳಿಯ ಬಣ್ಣಗಳಿಗೆ ಬೆರೆಸುವ ಈ ಪುಡಿ ಅಗ್ಗವಾದುದು, ಗಟ್ಟಿಯಾದುದು. ಆದರೆ ಅದು ಬಳಸಬಲ್ಲುದು ಬಿಸಿಲಿನಲ್ಲಿ ನೂರಕ್ಕೆ ಐದರಷ್ಟೂ ಇಲ್ಲದ ಅತಿನೇರಳೆ ಕಿರಣಗಳನ್ನು ಮಾತ್ರ. ಪೆರಾಕ್ಸೈಡನ್ನು ತಯಾರಿಸಹೊರಟರೆ ಇನ್ನೂ ಒಂದು ತೊಡಕು: ಹುಟ್ಟಿದ ಅಣುಗಳು ಈ ಲೋಹದ ಆಕ್ಸೈಡಿಗೆ ಅಂಟಿಕೊಂಡು ಅಲ್ಲಿಯೇ ಒಡೆದುಹೋಗುತ್ತವೆ. ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ. ತೆನಾರನು ಕಂಡ ಹಳೆಯ ಶತ್ರುತ್ವ ಇಲ್ಲಿಯೂ ತಲೆಯೆತ್ತಿತು.

ಲೋಹವನ್ನು ಬಿಟ್ಟುಕೊಟ್ಟವರು

ಹಾಗಾದರೆ ಲೋಹವೇ ಇಲ್ಲದೆ ಕೆಲಸ ಸಾಗದೆ? ೧೮೩೪ರಷ್ಟು ಹಿಂದೆಯೇ ಜರ್ಮನಿಯ ಲೀಬಿಗ್ ಇಂಗಾಲ ಮತ್ತು ಸಾರಜನಕಗಳು ಕೂಡಿದ ಹಳದಿಯ ಪುಡಿಯೊಂದನ್ನು ವರ್ಣಿಸಿದ್ದನು. ಅದರಿಂದ ಏನು ಉಪಯೋಗವೆಂಬುದು ಬಹುಕಾಲ ಯಾರಿಗೂ ತೋರಲಿಲ್ಲ. ೨೦೦೯ರಲ್ಲಿ ಚೀನ, ಜರ್ಮನಿ, ಜಪಾನುಗಳ ವಿಜ್ಞಾನಿಗಳು ಕೂಡಿ, ಆ ಬಳಗದ ಪುಡಿಯು ಕಣ್ಣಿಗೆ ಕಾಣುವ ಬೆಳಕಿನಲ್ಲಿಯೇ ನೀರಿನಿಂದ ಜಲಜನಕವನ್ನು ಹೊರಡಿಸಬಲ್ಲುದೆಂದು ತೋರಿಸಿದರು. ಮೂಲೆಯಲ್ಲಿ ಬಿದ್ದಿದ್ದ ಪುಡಿಗೆ ಸುಮಾರು ನೂರೆಪ್ಪತ್ತೈದು ವರ್ಷಗಳ ಬಳಿಕ ಯೋಗ ಬಂದಿತು.

ಜಪಾನಿನ ಒಸಾಕ ವಿಶ್ವವಿದ್ಯಾಲಯದ ಶಿರೈಷಿ ಮತ್ತು ಸಂಗಡಿಗರು ೨೦೧೪ರಲ್ಲಿ ಈ ಜಾತಿಯ ಪುಡಿಯಿಂದ ನೀರು ಮತ್ತು ಆಮ್ಲಜನಕಗಳನ್ನೇ ಕೂಡಿಸಿ ಪೆರಾಕ್ಸೈಡನ್ನು ಪಡೆದರು. ೨೦೧೯ರಲ್ಲಿ ಅವರು ಪ್ರಕಟಿಸಿದ ವಾರ್ತೆ ಇನ್ನಷ್ಟು ಕುತೂಹಲಕರವಾದುದು. ಅವರು ಆರಿಸಿಕೊಂಡುದು ರಿಸಾರ್ಸಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಕೂಡಿದ ಒಂದು ರಾಳ. ರಿಸಾರ್ಸಿನಾಲ್ ಚರ್ಮರೋಗದ ಮುಲಾಮುಗಳಲ್ಲಿ ಬಳಸುವ ವಸ್ತು. ಫಾರ್ಮಾಲ್ಡಿಹೈಡ್ ಶಾಲೆಯ ಪ್ರಯೋಗಶಾಲೆಗಳಲ್ಲಿ ಕಪ್ಪೆ, ಹಾವುಗಳನ್ನು ಕೆಡದಂತೆ ಇಡುವ ದ್ರವದಲ್ಲಿರುವುದು. ಹಳೆಯ ಮನೆಗಳ ವಿದ್ಯುತ್ ಗುಂಡಿಗಳೂ ಕರಿಯ ಟೆಲಿಫೋನುಗಳೂ ಯಾವುದರಿಂದ ಆಗಿದ್ದುವೋ ಆ ಬೇಕಲೈಟಿಗೆ ಈ ರಾಳ ಸೋದರ ಸಂಬಂಧಿ. ಅದನ್ನು ಹೆಚ್ಚಿನ ಶಾಖದಲ್ಲಿ ಹದವರಿತು ಬೇಯಿಸಿದಾಗ ಅದು ಬೆಳಕನ್ನು ಹೀರಿ ವಿದ್ಯುತ್ಕಣಗಳನ್ನು ಸಾಗಿಸುವ ಗುಣವನ್ನು ಪಡೆಯಿತು. ಬಿದ್ದ ಬಿಸಿಲಿನ ಶಕ್ತಿಯಲ್ಲಿ ಸಾವಿರಕ್ಕೆ ಐದು ಭಾಗ ಪೆರಾಕ್ಸೈಡಿನ ರೂಪದಲ್ಲಿ ಉಳಿಯಿತು. ಇದು ತೀರ ಅಲ್ಪವೆಂದು ತೋರಬಹುದು. ಆದರೆ ಹಸುರು ಎಲೆಗಳೂ ತಮ್ಮ ಮೇಲೆ ಬಿದ್ದ ಬಿಸಿಲಿನಲ್ಲಿ ವರ್ಷದುದ್ದಕ್ಕೂ ಕೂಡಿಡುವುದು ಅನೇಕ ವೇಳೆ ಇದಕ್ಕಿಂತ ಹೆಚ್ಚೇನೂ ಇಲ್ಲ.

ಒಂದು ಗ್ರಾಮಿನಲ್ಲಿ ಹದಿನಾರು ಗುಂಟೆ

ರಾಳದ ಒಳಗೆ ಅಣುಗಳು ಸಂತೆಯ ಜನರಂತೆ ಅಡ್ಡಾದಿಡ್ಡಿಯಾಗಿ ಸೇರಿರುತ್ತವೆ. ಅವನ್ನು ಕಂಬ, ತೊಲೆ, ಅಂಕಣಗಳಿರುವ ಮನೆಯಂತೆ ಅಚ್ಚುಕಟ್ಟಾಗಿ ಜೋಡಿಸಿದರೆ? ಈ ವಿದ್ಯೆಯ ಆಚಾರ್ಯನೆಂದು ಹೆಸರಾದವನು ಓಮರ್ ಯಾಘಿ. ೧೯೬೫ರಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ, ಪ್ಯಾಲೆಸ್ಟೈನಿನಿಂದ ನಿರಾಶ್ರಿತರಾಗಿ ಬಂದವರ ಮನೆಯಲ್ಲಿ ಅವನು ಹುಟ್ಟಿದನು. ಮನೆಯಲ್ಲಿ ವಿದ್ಯುದ್ದೀಪವಿರಲಿಲ್ಲ, ಕೊಳಾಯಿಯ ನೀರೂ ಇರಲಿಲ್ಲ. ಲೋಹದ ಗಂಟುಗಳಿಗೆ ಇಂಗಾಲದ ಸರಳುಗಳನ್ನು ಜೋಡಿಸಿ ಟೊಳ್ಳಾದ ಹರಳುಗಳನ್ನು ಕಟ್ಟಿದುದಕ್ಕಾಗಿ ಕಿಟಗಾವ ಮತ್ತು ರಾಬ್ಸನ್ ಅವರೊಡನೆ ಅವನಿಗೆ ೨೦೨೫ರ ನೊಬೆಲ್ ಪಾರಿತೋಷಕ ಸಂದಿತು.

ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ, ೨೦೦೫ರಲ್ಲಿ, ಅವನೂ ಅವನ ಸಂಗಡಿಗರೂ ಲೋಹದ ಗಂಟುಗಳನ್ನೂ ಬಿಟ್ಟು ಇಂಗಾಲ, ಜಲಜನಕ, ಬೋರಾನ್, ಆಮ್ಲಜನಕಗಳಂತಹ ಹಗುರವಾದ ಮೂಲವಸ್ತುಗಳಿಂದಲೇ ಇನ್ನೊಂದು ಬಗೆಯ ಮನೆಗಳನ್ನು ಕಟ್ಟಿದ್ದರು. ಇಂತಹ ಮನೆಯಲ್ಲಿ ಜೇನುಗೂಡಿನಂತೆ ಆರು ಮೂಲೆಯ ಕೋಣೆಗಳು ಸಾಲು ಸಾಲಾಗಿರುತ್ತವೆ. ಹಾಳೆಯ ಮೇಲೆ ಹಾಳೆ ಬಂದು ಕೋಣೆಗಳು ಉದ್ದವಾದ ನಳಿಗೆಗಳಾಗುತ್ತವೆ. ಅಂದಿನ ಒಂದು ಪುಡಿಯ ಗ್ರಾಮೊಂದರ ಒಳಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ೧೫೯೦ ಚದರ ಮೀಟರು ಆಗುತ್ತಿತ್ತು. ನಮ್ಮ ರೈತರ ಲೆಕ್ಕದಲ್ಲಿ ಸುಮಾರು ಹದಿನಾರು ಗುಂಟೆ ಜಮೀನು, ಒಂದು ಚಿಟಿಕೆಯಲ್ಲಿ!

ಈ ಮನೆಗಳಿಗೆ ಒಂದು ಕೊರತೆಯಿತ್ತು. ಬೋರಾನಿನ ಬೆಸುಗೆ ನೀರಿಗೆ ತಾಳುತ್ತಿರಲಿಲ್ಲ. ನೀರಿನಲ್ಲಿಯೇ ದುಡಿಯಬೇಕಾದ ಆಳು ನೀರು ಕಂಡರೆ ಕರಗುವುದಾದರೆ ಅವನಿಂದ ಏನು ಪ್ರಯೋಜನ? ಈ ಕೊರತೆಯನ್ನು ನೀಗಿದವರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯ ರಾಹುಲ್ ಬ್ಯಾನರ್ಜಿಯವರ ತಂಡವೂ ಒಂದು. ೨೦೧೨ರಲ್ಲಿ ಅವರು ಸಾರಜನಕದ ಬೆಸುಗೆಯನ್ನು ಹೊಸ ರೀತಿಯಲ್ಲಿ ಬಲಗೊಳಿಸಿ, ಕುದಿಯುವ ನೀರಿಗೂ ತೀವ್ರವಾದ ಆಮ್ಲಕ್ಕೂ ಜಗ್ಗದ ಹರಳುಗಳನ್ನು ಪಡೆದರು. ನೀರೊಳಗೆ ನಿಂತು ಬಿಸಿಲಿಗೆ ಮೈಯೊಡ್ಡುವ ಕೆಲಸಕ್ಕೆ ಆಗ ದಾರಿ ತೆರೆಯಿತು. ೨೦೨೦ರಲ್ಲಿ ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದ ತಂಡವು ಇಂತಹ ಹರಳಿನಿಂದ ಪೆರಾಕ್ಸೈಡನ್ನು ಪಡೆಯಿತು. ಆ ಮೇಲೆ ಹಲವು ದೇಶಗಳ ಪ್ರಯೋಗಶಾಲೆಗಳು ಈ ದಾರಿ ಹಿಡಿದಿವೆ.

ಪುಡಿಯೊಳಗೆ ನಡೆಯುವುದಾದರೂ ಏನು? ಬೆಳಕು ಬಂದು ಬಡಿದಾಗ ಅಣುವಿನೊಳಗಿನ ಎಲೆಕ್ಟ್ರಾನ್ ಒಂದು ತನ್ನ ಸ್ಥಾನ ಬಿಟ್ಟು ಮೇಲೇಳುತ್ತದೆ. ಹಿಂದೆ ಅದರ ತೆರವು ಉಳಿಯುತ್ತದೆ. ಎಲೆಕ್ಟ್ರಾನು ಮರಳಿ ತೆರವಿಗೆ ಬಿದ್ದರೆ ಬೆಳಕು ಬರಿಯ ಬಿಸಿಯಾಗಿ ವ್ಯರ್ಥ. ಬೀಳದಂತೆ ಅವೆರಡನ್ನೂ ಅಗಲಿಸಬೇಕು. ಕಟ್ಟಡದಲ್ಲಿ ಎಲೆಕ್ಟ್ರಾನನ್ನು ಕೊಡುವ ತುಂಡು ಒಂದೆಡೆ, ಪಡೆಯುವ ತುಂಡು ಇನ್ನೊಂದೆಡೆ ಬರುವಂತೆ ಜೋಡಿಸುವ ಜಾಣ್ಮೆ ಇರುವುದು ಇದಕ್ಕಾಗಿಯೇ. ಅಗಲಿದ ಎಲೆಕ್ಟ್ರಾನುಗಳು ಎರಡೆರಡಾಗಿ ಗಾಳಿಯ ಆಮ್ಲಜನಕವನ್ನು ಸೇರುತ್ತವೆ, ನೀರಿನಿಂದ ಎರಡು ಜಲಜನಕದ ಬೀಜಗಳು ಬಂದು ಕೂಡುತ್ತವೆ, ಪೆರಾಕ್ಸೈಡ್ ಹುಟ್ಟುತ್ತದೆ. ತೆರವು ನೀರಿನಿಂದ ಎಲೆಕ್ಟ್ರಾನನ್ನು ಪಡೆದು ತನ್ನ ಸಾಲವನ್ನು ತೀರಿಸಿಕೊಳ್ಳುತ್ತದೆ. ರಂಧ್ರಗಳ ಉಪಕಾರವೂ ಇಲ್ಲಿಯೇ. ಅವು ಇರುವುದರಿಂದ ನೀರೂ ಗಾಳಿಯೂ ಕಟ್ಟಡದ ಒಳಗೇ ಹೊಕ್ಕು, ಎಲೆಕ್ಟ್ರಾನು ಎದ್ದ ಜಾಗದ ಮಗ್ಗುಲಲ್ಲಿಯೇ ಕಾದಿರುತ್ತವೆ. ದಾರಿ ಸವೆಯುವ ಮುನ್ನ ಎಲೆಕ್ಟ್ರಾನು ಮರಳಿ ಬೀಳುವ ಭಯ ಕಡಮೆ.

ಇನ್ನೂ ಇರುವ ದೂರ

ಇಷ್ಟು ಓದಿದ ವಾಚಕರು ನಾಳೆಯೇ ಮನೆಯ ಮಾಳಿಗೆಯ ಮೇಲೆ ಪೆರಾಕ್ಸೈಡ್ ಹರಿಯುವುದೆಂದು ಭಾವಿಸಬಾರದು. ಔಷಧದ ಸೀಸೆಯಲ್ಲಿ ಲೀಟರಿಗೆ ಸುಮಾರು ಮೂವತ್ತು ಗ್ರಾಮಿನಷ್ಟು ಪೆರಾಕ್ಸೈಡ್ ಇರುತ್ತದೆ. ಪ್ರಯೋಗಶಾಲೆಯ ಬಿಸಿಲು ಪಾತ್ರೆಗಳ ಲೆಕ್ಕ ಸಾಮಾನ್ಯವಾಗಿ ಮಿಲಿಗ್ರಾಮುಗಳಲ್ಲಿ. ಹುಟ್ಟಿದ ಅಣುಗಳು ಹೆಚ್ಚಿದಷ್ಟೂ, ಹುಟ್ಟಿಸಿದ ಬೆಳಕೂ ಪುಡಿಯೂ ಕೂಡಿ ಅವನ್ನು ಒಡೆಯತೊಡಗುತ್ತವೆ. ಪೆರಾಕ್ಸೈಡಿನ ತೀಕ್ಷ್ಣತೆಗೆ ಪುಡಿಯೇ ದಿನಗಳೆದಂತೆ ಸವೆಯುವುದೂ ಉಂಟು. ಅನೇಕ ಪ್ರಯೋಗಗಳಲ್ಲಿ ನೀರಿಗೆ ಮದ್ಯಸಾರವನ್ನು ಬೆರೆಸುವ ರೂಢಿಯಿದೆ. ನೀರಿನಿಂದ ಎಲೆಕ್ಟ್ರಾನನ್ನು ಕೀಳುವುದು ಕಷ್ಟ, ಮದ್ಯಸಾರದಿಂದ ಸುಲಭ. ಆದುದರಿಂದ ಫಲ ದೊಡ್ಡದಾಗಿ ಕಾಣುತ್ತದೆ. ಆದರೆ ಒಂದನ್ನು ಪಡೆಯಲು ಇನ್ನೊಂದು ಬೆಲೆಯುಳ್ಳ ವಸ್ತುವನ್ನು ಸುಟ್ಟಂತಾಯಿತಲ್ಲವೆ? ಬರಿಯ ನೀರು, ಬರಿಯ ಗಾಳಿ, ಬರಿಯ ಬಿಸಿಲು—ಈ ಮೂರರಲ್ಲಿ ಗೆದ್ದುದೇ ನಿಜವಾದ ಗೆಲುವು. ಆ ಪರೀಕ್ಷೆಯನ್ನು ಬಹುದಿನ, ಬಹು ದೊಡ್ಡ ಪಾತ್ರೆಯಲ್ಲಿ, ಅಗ್ಗದ ಪುಡಿಯಿಂದ ಗೆಲ್ಲಬೇಕಾಗಿದೆ.

ಆದರೂ ಈ ದಾರಿಗೆ ಒಂದು ಅನುಕೂಲವಿದೆ. ಬಿಸಿಲಿನಿಂದ ಜಲಜನಕ ಅನಿಲವನ್ನು ಪಡೆಯುವವರಿಗೆ ಅದನ್ನು ಹಿಡಿದು, ಒತ್ತಿ, ಕಾಪಾಡುವ ಕಷ್ಟವುಂಟು. ಪೆರಾಕ್ಸೈಡಾದರೋ ನೀರಿನಲ್ಲಿಯೇ ಹುಟ್ಟಿ ನೀರಿನಲ್ಲಿಯೇ ಉಳಿಯುತ್ತದೆ. ಎಲ್ಲ ಕೆಲಸಕ್ಕೂ ಗಟ್ಟಿಯಾದ ದ್ರವವೇ ಬೇಕೆಂಬುದೂ ಇಲ್ಲ. ನೀರಿನ ಕಶ್ಮಲಗಳನ್ನು ಅತಿನೇರಳೆ ಕಿರಣದ ಸಹಾಯದಿಂದ ಒಡೆಯುವ ಶುದ್ಧೀಕರಣಾಗಾರಗಳಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂ ಸಾಕಾಗುತ್ತದೆ. ಪ್ರಕೃತಿಯೂ ಮಾಡುವುದು ಇದನ್ನೇ. ಬಿಸಿಲು ಬಿದ್ದ ಮೋಡದ ಹನಿಗಳಲ್ಲಿ, ಕಡಲಿನ ಮೇಲ್ಮೈಯಲ್ಲಿ ಅತ್ಯಲ್ಪ ಪ್ರಮಾಣದ ಪೆರಾಕ್ಸೈಡ್ ಸದ್ದಿಲ್ಲದೆ ಹುಟ್ಟಿ ಸದ್ದಿಲ್ಲದೆ ಅಳಿಯುತ್ತಿರುತ್ತದೆ. ಮಳೆಯ ಹನಿಯಲ್ಲಿಯೂ ಅದು ನೆಲಕ್ಕಿಳಿಯುತ್ತದೆ.

ತೆನಾರನ ಕಾಲದಿಂದ ಎರಡು ನೂರು ವರ್ಷಗಳು ಕಳೆದಿವೆ. ಲೋಹ ಮುಟ್ಟಿದರೆ ಒಡೆಯುವ ಈ ದ್ರವವನ್ನು ಲೋಹದ ನೆರವಿನಿಂದಲೇ ಹುಟ್ಟಿಸಿ, ಗಟ್ಟಿಗೊಳಿಸಿ, ದೂರ ಸಾಗಿಸುವ ರೂಢಿಗೆ ಲೋಕ ಒಗ್ಗಿಹೋಗಿದೆ. ಅದನ್ನು ಬಿಡಿಸುವುದಕ್ಕೆ ಒಂದು ಚಿಟಿಕೆ ಪುಡಿ ಸಾಕೇ ಎಂಬುದನ್ನು ಕಾಲವೇ ಹೇಳಬೇಕು. ಅಲ್ಲಿಯವರೆಗೆ ಆ ಸೀಸೆಯು ಕಂದು ಬಣ್ಣವನ್ನೇ ಹೊದ್ದು ಕಪಾಟಿನಲ್ಲಿ ಕುಳಿತಿರುತ್ತದೆ. ಬೆಳಕು ಸೋಕಿದರೆ ಒಳಗಿನ ದ್ರವ ಒಡೆಯುವುದೆಂದೇ ಅದಕ್ಕೆ ಆ ಬಣ್ಣ. ಯಾವ ಬೆಳಕಿನಿಂದ ಅದನ್ನು ಇಂದು ಬಚ್ಚಿಡುತ್ತಾರೆಯೋ ಅದೇ ಬೆಳಕಿನಿಂದ ಅದನ್ನು ಪಡೆಯಲು ಕೆಲವರು ದುಡಿಯುತ್ತಿದ್ದಾರೆ.